ಗಾಲಿ ಸರಿಸಿದವರು

ಮೇಲಿಂದ ಒಬ್ಬ ಬಿದ್ದಾಗ ಕೆಳಗಿದ್ದವರ ಬಾಯಿಂದ ಮೊದಲು ಬರುವುದು ಗ್ರಹಚಾರದ ಮಾತು. ಆಂಬ್ಯುಲೆನ್ಸಿಗೆ ಫೋನು ಹೋಗುವ ಮೊದಲೇ ಅದು ಬಂದಿರುತ್ತದೆ. "ಏನ್ ಮಾಡಾಕ ಬರ್ತೈತ್ರಿ, ಹಣ್ಯಾಗ ಬರ್ದಿತ್ತು." ಹುಬ್ಬಳ್ಳಿಯಲ್ಲಿ ಬಣ್ಣದ ಗುತ್ತಿಗೆ ಹಿಡಿಯುತ್ತಲೇ ತಲೆ ನರೆತವನು ನಾನು. ಈ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಹೇಳಿದವರಲ್ಲಿ ದೇವರನ್ನು ನಂಬುವವರಿದ್ದರು, ನಂಬದವರೂ ಇದ್ದರು. ಆದರೆ ಹೇಳಿದವರೆಲ್ಲ ನೆಲದ ಮೇಲೆ ನಿಂತಿದ್ದವರೇ.

ದೇವರ ಮೇಲೆ ನನ್ನದೇನೂ ತಕರಾರಿಲ್ಲ. ಸೋಮವಾರ ಬಿಡುವಾದರೆ ಸಿದ್ಧಾರೂಢ ಮಠಕ್ಕೆ ಹೋಗುತ್ತೇನೆ, ಪ್ರವಚನ ನಡೆದಿದ್ದರೆ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. ನನ್ನ ತಕರಾರೆಲ್ಲ ಲೆಕ್ಕ ಬರೆಯುವವರ ಮೇಲೆ. ಒಬ್ಬ ಬಿದ್ದದ್ದನ್ನು ದೇವರ ಖಾತೆಗೆ ಬರೆಯುವ ಮೊದಲು ಉಳಿದವರ ಖಾತೆಗಳನ್ನು ಯಾರಾದರೂ ತೆರೆದು ನೋಡಿದರೇ?

ಗಾಲಿ ಸಾರುವೆ ನೋಡದವರಿಗೆ ಒಂದೆರಡು ಮಾತು. ಕಲ್ಯಾಣ ಮಂಟಪ, ಶೋರೂಮು, ಶಾಲೆಯ ಸಭಾಭವನ, ಇಂಥ ಎತ್ತರದ ಜಾಗಗಳ ಒಳಗೆ ಬಿದಿರಿನ ಸಾರುವೆ ಕಟ್ಟಲು ಬರುವುದಿಲ್ಲ. ಗ್ರಾನೈಟ್ ನೆಲದಲ್ಲಿ ಗುಂಡಿ ತೋಡುವಂತಿಲ್ಲ, ಹೊಸ ಗೋಡೆಗೆ ತೂತು ಹೊಡೆಯುವಂತಿಲ್ಲ. ಅದಕ್ಕೆ ಕಬ್ಬಿಣದ ಎಚ್ ಫ್ರೇಮುಗಳನ್ನು ಒಂದರ ಮೇಲೊಂದು ಏರಿಸಿ, ಓರೆಯಾಗಿ ಬ್ರೇಸಿಂಗ್ ಬಿಗಿದು, ಕಾಲಿಗೆ ನಾಲ್ಕು ಗಾಲಿ ಸಿಕ್ಕಿಸಿ, ತುದಿಗೆ ಹಲಗೆ ಹಾಸುತ್ತೇವೆ. ಸೆಂಟ್ರಿಂಗ್ ಸಾಮಾನಿನ ಅಂಗಡಿಯಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ಪ್ರತಿ ಗಾಲಿಗೂ ಒಂದು ಬ್ರೇಕಿನ ತುಂಡು ಇರುತ್ತದೆ. ಪಾದದಿಂದ ಒತ್ತಿದರೆ ಗಾಲಿ ಬಿಗಿ, ಎತ್ತಿದರೆ ಸಡಿಲ. ನಮ್ಮ ಹುಡುಗರು ಇದನ್ನು ತೇರು ಎಂದೇ ಕರೆಯುತ್ತಾರೆ. "ತೇರ್ ಈ ಕಡೆ ತಗೋರಲೇ" ಎಂದು ಒಬ್ಬ ಕೂಗಿದರೆ ಇಬ್ಬರು ಬಂದು ನೂಕುತ್ತಾರೆ. ಹತ್ತಿ ಇಳಿದು ಏಣಿ ಸರಿಸುವ ಕಾಟ ತಪ್ಪಿತು ಎಂದು ಇದನ್ನು ತಂದದ್ದು. ಆದರೆ ಸುಲಭವಾಗಿ ಸರಿಯುತ್ತದೆ ಎಂಬ ಅದರ ಗುಣವೇ ಅದರ ಅಪಾಯವೂ ಹೌದು.

ಕೊರೊನಾಕ್ಕೆ ಮೊದಲಿನ ಮಾತು. ಊರ ಹೊರಗಿನ ಒಂದು ಕಲ್ಯಾಣ ಮಂಟಪದಲ್ಲಿ ಬೇರೆ ಗುತ್ತಿಗೆದಾರನ ಹುಡುಗರು ಫಾಲ್ಸ್ ಸೀಲಿಂಗ್ ಮಾಡುತ್ತಿದ್ದರು, ನಮ್ಮವರು ಗೋಡೆಗೆ ಪ್ರೈಮರ್ ಹೊಡೆಯುತ್ತಿದ್ದರು. ಲಗ್ನದ ಸೀಜನ್ ಹತ್ತಿರ ಬಂದಿತ್ತು, ಎಲ್ಲರಿಗೂ ಅವಸರ. ತೇರಿನ ಮೇಲೆ ಸವಣೂರು ಕಡೆಯ ಒಬ್ಬ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ, ಜಿಪ್ಸಮ್ ಹಾಳೆಗಳು ಕೂಡಿದ ಜಾಗಕ್ಕೆ ಟೇಪು ಅಂಟಿಸಿ ಅದರ ಮೇಲೆ ಪುಟ್ಟಿ ಎಳೆಯುತ್ತಿದ್ದ. ಆ ಕೆಲಸ ಮಾಡುವವನಿಗೆ ಕೆಳಗಿನ ಲೋಕ ಇರುವುದೇ ಇಲ್ಲ. ಎರಡೂ ಕೈ ತಲೆಯ ಮೇಲೆ, ಕುತ್ತಿಗೆ ಹಿಂದಕ್ಕೆ, ಪುಡಿ ಬೀಳಬಾರದೆಂದು ಕಣ್ಣು ಅರ್ಧ ಮುಚ್ಚಿರುತ್ತದೆ, ಮೈಭಾರವೆಲ್ಲ ಹಿಮ್ಮಡಿಗೆ ಬಂದಿರುತ್ತದೆ. ಕೆಳಗಿದ್ದ ಇಬ್ಬರು ಆ ಕಡೆಯ ಹಾಳೆ ಮುಗಿಯಿತೆಂದು ತಾವೇ ಅಂದುಕೊಂಡು, ಬ್ರೇಕು ಎತ್ತಿ, ಎದೆಯ ಮಟ್ಟದಲ್ಲಿ ಫ್ರೇಮು ಹಿಡಿದು ನೂಕಿದರು. ಬೆಳಗಿನಿಂದ ಹಾಗೇ ನೂಕಿದ್ದರು. ಈ ಸಲ ಮುಂದಿನ ಗಾಲಿ ಕಟಿಂಗ್ ಮಷೀನಿನ ವೈರಿಗೆ ತಡೆಯಿತು. ತಳ ನಿಂತಿತು, ತುದಿ ನಿಲ್ಲಲಿಲ್ಲ.

ಸಾರುವೆ ಪೂರಾ ಉರುಳಲಿಲ್ಲ, ಒಮ್ಮೆ ವಾಲಿ ಮತ್ತೆ ಕೂತಿತು. ಹುಡುಗ ಮಾತ್ರ ಬಿದ್ದ. ತುದಿಗೆ ರೇಲಿಂಗ್ ಇರಲಿಲ್ಲ. ಸೊಂಟದ ಮೂಳೆ ಮುರಿಯಿತು, ಜೀವ ಉಳಿಯಿತು.

ಆಸ್ಪತ್ರೆಯ ಬೆಂಚಿನ ಮೇಲೆ ಆ ಗುತ್ತಿಗೆದಾರ ನನ್ನ ಪಕ್ಕ ಕೂತು "ಅವನ ಟೈಮ್ ಚಲೋ ಇರ್ಲಿಲ್ರಿ" ಎಂದ. ಸಂಜೆಗೆ ಹುಡುಗನ ತಾಯಿ ಬಸ್ಸಿಳಿದು ಬಂದಳು. ಆಕೆ ಆಡಿದ್ದೂ ಅದೇ ಧಾಟಿಯ ಮಾತು. "ನಮ್ಮ ದೈವ ಗಟ್ಟಿ ಇತ್ರಿ ಅಣ್ಣಾರ, ಮಗ ಕಣ್ಣಿಗೆ ಕಂಡ." ಇಬ್ಬರೂ ದೈವವನ್ನೇ ಕರೆದರು. ಆದರೆ ತಾಯಿ ಅದನ್ನು ಕರೆದದ್ದು ತಾನು ಹೊರಲಾರದ ಭಾರಕ್ಕೆ ಆಸರೆಯಾಗಿ. ಗುತ್ತಿಗೆದಾರ ಕರೆದದ್ದು ತಾನು ಹೊರಬೇಕಾದ ಭಾರವನ್ನು ಇಳಿಸಿ ಇಡಲಿಕ್ಕೆ. ಆ ದಿನದಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ವಿಧಿ ಇದೆಯೋ ಇಲ್ಲವೋ ಎಂಬುದನ್ನು ತಿಳಿದವರು ಚರ್ಚಿಸಲಿ. ವಿಧಿ ಎಂದು ಹೇಳುವ ಹಕ್ಕು ಯಾರಿಗಿದೆ, ಯಾರ ಬಗ್ಗೆ ಇದೆ?

ನನಗೆ ಹೊಳೆದದ್ದು ಇಷ್ಟು. ಮೇಲಿದ್ದ ಹುಡುಗನ ಕಡೆಯಿಂದ ನೋಡಿದರೆ ಆದದ್ದು ಅಕ್ಷರಶಃ ವಿಧಿಯೇ. ಕಾಣದ ಕೈ, ಕೇಳದ ಗಳಿಗೆ, ಕಾಲ ಕೆಳಗಿನ ನೆಲವೇ ಸರಿದುಹೋಯಿತು. ಪುರಾಣದಲ್ಲಿ ವಿಧಿ ಕೆಲಸ ಮಾಡುವುದು ಹೀಗೆಯೇ ತಾನೆ? ಆದರೆ ಅದೇ ಘಟನೆಯನ್ನು ನಾಲ್ಕಾಳೆತ್ತರ ಇಳಿದು ನೋಡಿ. ಅಲ್ಲಿ ವಿಧಿ ಇಲ್ಲ, ಇಬ್ಬರು ಹುಡುಗರ ನಾಲ್ಕು ಕೈ ಇದೆ. ವೈರು ಸುತ್ತಿಡದ ಕಟಿಂಗ್ ಮಷೀನಿನವನಿದ್ದಾನೆ. ರೇಲಿಂಗಿನ ಪೈಪಿಗೆ ಬೇರೆ ಬಾಡಿಗೆ ಬೀಳುತ್ತದೆಂದು ಅದನ್ನು ಬಿಟ್ಟುಬಂದ ಗುತ್ತಿಗೆದಾರನಿದ್ದಾನೆ. ಕೆಲಸ ಮುಗಿಸುವ ತಾರೀಕು ಹಿಂದಕ್ಕೆ ತಂದ ಮಂಟಪದ ಮಾಲೀಕನಿದ್ದಾನೆ. ಒಬ್ಬನಿಗೆ ವಿಧಿಯಾಗಿ ಕಂಡದ್ದು ಇನ್ನೊಬ್ಬನಿಗೆ ಬರೀ ದಿನದ ಕೆಲಸ. ದೈವ ಎಂದರೆ ಹಿಂದೆ ತಾನೇ ಮಾಡಿದ ಕರ್ಮ, ಬೇರೇನೂ ಅಲ್ಲ ಎಂದು ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ಹೇಳುತ್ತಾರಂತೆ, ಪೌರುಷವನ್ನೇ ಎತ್ತಿಹಿಡಿಯುತ್ತಾರಂತೆ. ಮಠದಲ್ಲಿ ಅದನ್ನು ಕೇಳಿದಾಗ ಖುಷಿಯಾಯಿತು, ಆದರೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಮ್ಮ ಕೆಲಸದಲ್ಲಿ ಮೇಲಿದ್ದವನ ದೈವ ಅವನ ಹಿಂದಿನ ಕರ್ಮವಲ್ಲ, ಕೆಳಗಿದ್ದವರ ಈಗಿನ ಕರ್ಮ.

ಇದನ್ನು ನನಗೆ ಬ್ರಷ್ಷು ಹಿಡಿಯಲು ಕಲಿಸಿದ ಕಾಕಾನ ಮುಂದೆ ಹೇಳಿದೆ. ಕಾಕಾ ಸಣ್ಣ ಆಳಲ್ಲ. ಸಾಲಿಗೆ ಹೋದವನಲ್ಲ, ಆದರೆ ಮಠದ ಶಾಸ್ತ್ರಪ್ರವಚನ ಕೇಳಿ ಕೇಳಿ ವೇದಾಂತ ಅವನಿಗೆ ಬಾಯಿಪಾಠ. ವಯಸ್ಸಿನಲ್ಲಿದ್ದಾಗ ಬ್ರೇಕು ಹಾಕದ ತೇರಿನ ಮೇಲೆ ನಿಂತು, ಸೀಲಿಂಗಿನ ಚಾನೆಲ್ ಹಿಡಿದು, ತನ್ನನ್ನು ತಾನೇ ಎಳೆದುಕೊಂಡು ಹಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದ. ಕೆಳಗೆ ಒಬ್ಬ ಕೂಲಿಯವನ ಪಗಾರ ಉಳಿಯಿತು ಎಂದು ಮಾಲೀಕರಿಗೂ ಸಂತೋಷ. ಒಮ್ಮೆಯೂ ಬೀಳಲಿಲ್ಲ.

"ತಮ್ಮಾ," ಎಂದ ಕಾಕಾ, "ಬ್ರೇಕ್ ಹಾಕಿದ ಗಾಲೀನೂ ಜಾರೇತಿ, ಹಾಕದ ಗಾಲೀನೂ ನಿಂತೇತಿ. ಎರಡೂ ನಾ ನೋಡೇನಿ. ಹಂಗಾದ್ರ ಅದು ಯಾರ ಕೈಯಾಗೈತಿ ಹೇಳು."

ಸುಮ್ಮನೆ ತಳ್ಳಿಹಾಕುವ ಮಾತಲ್ಲ ಇದು. ಪ್ರಾರಬ್ಧದ ಬಗ್ಗೆ ವೇದಾಂತಿಗಳು ಹೇಳುವುದೂ ಇದನ್ನೇ. ಬಿಟ್ಟ ಬಾಣ ತನ್ನ ವೇಗ ತೀರುವವರೆಗೆ ಹೋಗಿಯೇ ಹೋಗುತ್ತದೆ, ಜ್ಞಾನ ಬಂದರೂ ಅದು ನಿಲ್ಲುವುದಿಲ್ಲ. ಕಾಕಾ ಬೀಳದೇ ಇದ್ದದ್ದು ಸಿದ್ಧಾರೂಢ ಅಜ್ಜನ ಕೃಪೆ, ಸವಣೂರಿನ ಹುಡುಗ ಬಿದ್ದದ್ದು ಪ್ರಾರಬ್ಧ. ಲೆಕ್ಕ ಸರಿಹೋಯಿತು, ಯಾರೂ ಯಾರಿಗೂ ಏನೂ ಕೊಡುವುದಿಲ್ಲ.

ಆದರೆ ಬ್ರೇಕು ಹಾಕಿದ ಗಾಲಿ ಯಾಕೆ ಜಾರಿತು ಎಂದು ನಾನು ಬಗ್ಗಿ ನೋಡಿದ್ದೇನೆ. ಟೈಲ್ಸಿಗೆ ಬಣ್ಣ ಬೀಳಬಾರದೆಂದು ನಾವು ಹಳೆಯ ಫ್ಲೆಕ್ಸ್ ಹಾಸುತ್ತೇವೆ. ಯಾರದೋ ಹುಟ್ಟುಹಬ್ಬದ ಶುಭಾಶಯ, ಯಾರದೋ ಕೈಮುಗಿದ ಫೋಟೊ. ನುಣ್ಣನೆಯ ಆ ಫ್ಲೆಕ್ಸಿನ ಮೇಲೆ ಗಾಲಿ ತಿರುಗುವುದಿಲ್ಲ ನಿಜ, ಫ್ಲೆಕ್ಸೇ ನೆಲದ ಮೇಲೆ ಜಾರುತ್ತದೆ, ನಾಯಕರ ಸಮೇತ. ಇನ್ನೊಂದು ಕಡೆ ಪುಟ್ಟಿಯ ಹನಿ ಬ್ರೇಕಿನ ಸಂದಿಗೆ ಬಿದ್ದು ಒಣಗಿ ಕಲ್ಲಾಗಿತ್ತು. ಬ್ರೇಕಿನ ತುಂಡು ಕೆಳಗೆ ಬಂದ ಹಾಗೆ ಕಾಣುತ್ತಿತ್ತು, ಗಾಲಿಗೆ ತಾಗುತ್ತಿರಲಿಲ್ಲ. ಪುಟ್ಟಿ ಬ್ಲೇಡಿನ ಮೂಲೆ ಹಾಕಿ ಕೆದರಿದೆ, ಕಡಲೆಕಾಳಿನಷ್ಟು ಒಂದು ಹರಳು ಕಿತ್ತು ಬಂತು. ಆಮೇಲೆ ಒತ್ತಿದರೆ ಟಕ್ ಎಂದು ಕೂತಿತು. ಕಾಕಾ ಪ್ರಾರಬ್ಧ ಎಂದದ್ದನ್ನು ನಾನು ಬೆರಳಲ್ಲಿ ಹಿಡಿದು ಅವನಿಗೇ ತೋರಿಸಿದೆ. ನಕ್ಕ. "ಅದನ್ನ ಅಲ್ಲಿ ಬೀಳ್ಸಿದವರು ಯಾರು?" ಎಂದ. ವೇದಾಂತಿಗಳ ಜೊತೆ ವಾದ ಮಾಡಿದರೆ ಇದೇ ಪಾಡು.

ಗೀತೆಯ ಕೊನೆಯ ಅಧ್ಯಾಯದಲ್ಲಿ, ಹದಿನೆಂಟನೆಯದರಲ್ಲಿ, ಯಾವ ಕೆಲಸಕ್ಕೂ ಐದು ಕಾರಣಗಳಿವೆ ಎಂಬ ಮಾತು ಬರುತ್ತದೆ. ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ಪ್ರವಚನಕಾರರು ಇದನ್ನು ಹೇಳಿದ ಸಂಜೆ ನಾನು ಮನೆಗೆ ನಡೆದುಕೊಂಡೇ ಬಂದೆ. ಅಧಿಷ್ಠಾನ ಎಂದರೆ ದೇಹ ಎಂದು ಆಚಾರ್ಯರು ಅರ್ಥ ಹೇಳುತ್ತಾರೆ. ಬಣ್ಣದವನಾದ ನನಗೆ ಕಂಡದ್ದು ನೆಲ. ನೆಲ ಸಮ ಇದೆಯೇ, ನೀರು ಹರಿಯಲೆಂದು ಬಾಗಿಲ ಕಡೆ ಇಳಿಜಾರು ಬಿಟ್ಟಿದ್ದಾರೆಯೇ, ಸ್ಟೇಜಿನ ಮೆಟ್ಟಿಲು ಎಲ್ಲಿದೆ, ವೈರು ಎಲ್ಲಿ ಹಾದಿದೆ? ಕರ್ತೃ ಮೇಲೆ ನಿಂತವನು. ಬೆಳಿಗ್ಗೆ ಉಂಡು ಬಂದಿದ್ದಾನೆಯೇ, ರಾತ್ರಿ ಕುಡಿದಿದ್ದನೇ, ತಲೆಸುತ್ತು ಇದೆಯೇ? ಕರಣ ಎಂದರೆ ಫ್ರೇಮು, ಪಿನ್ನು, ಬ್ರೇಸಿಂಗು, ಗಾಲಿ. ಚೇಷ್ಟೆ ಅಂತೂ ನಮ್ಮಲ್ಲಿ ಕನ್ನಡದ ಅರ್ಥದಲ್ಲೇ ನಡೆಯುತ್ತದೆ. ಕೈ ಎಟುಕದಿದ್ದರೆ 20 ಲೀಟರಿನ ಬಣ್ಣದ ಡಬ್ಬಿ ಬೋರಲು ಹಾಕಿ ಅದರ ಮೇಲೆ ನಿಲ್ಲುವುದು, ಹಲಗೆಯ ಮೇಲೆ ಏಣಿ ಇಡುವುದು, ಬ್ರೇಸಿಂಗಿಗೆ ಕಾಲು ಕೊಟ್ಟು ಹೊರಗಿನಿಂದ ಹತ್ತುವುದು, ಆಗ ಇಡೀ ಗೋಪುರ ಹತ್ತುವವನ ಕಡೆಗೇ ಬಾಗುವುದು. ಇಷ್ಟೆಲ್ಲ ಆದ ಮೇಲೆ ಐದನೆಯ ಸ್ಥಾನದಲ್ಲಿ ದೈವ.

ಅಪಘಾತವಾದಾಗ ನಾವು ಈ ಪಟ್ಟಿಯನ್ನು ಕೊನೆಯಿಂದ ಓದಲು ಶುರುಮಾಡಿ ಮೊದಲ ಹೆಸರಿಗೇ ನಿಲ್ಲಿಸುತ್ತೇವೆ.

ಇನ್ನೂ ಒಂದು ಸಂಗತಿ ಅಲ್ಲಿದೆ. ಈ ಜಾಗದ ದೈವವನ್ನು ಶಂಕರರು ಹಣೆಯ ಬರಹ ಎಂದು ಹಿಡಿಯುವುದಿಲ್ಲವಂತೆ. ಕಣ್ಣು ಮೊದಲಾದ ಇಂದ್ರಿಯಗಳಿಗೆ ಅನುಗ್ರಹ ಮಾಡುವ ಆದಿತ್ಯಾದಿ ದೇವತೆಗಳು ಎಂದು ಹೇಳುತ್ತಾರಂತೆ. ಕಣ್ಣಿಗೆ ಸೂರ್ಯ. ರಾಮಾನುಜರು ಅಂತರ್ಯಾಮಿಯಾದ ಪರಮಾತ್ಮ ಎನ್ನುತ್ತಾರೆ, ಅದು ನನ್ನ ಬುದ್ಧಿಗೆ ಮೀರಿದ್ದು. ಕಣ್ಣಿಗೆ ಸೂರ್ಯ ಎಂಬುದು ಮಾತ್ರ ನೆಟ್ಟಗೆ ಒಳಗೆ ಇಳಿಯಿತು. ವೈರಿಂಗ್ ಮುಗಿಯದ ಮಂಟಪದೊಳಗೆ, ಕಿಟಕಿಗೆಲ್ಲ ಪೇಪರು ಅಂಟಿಸಿದ ಮಧ್ಯಾಹ್ನ, ನೆಲದ ಮೇಲಿನ ಕರಿ ವೈರು ಯಾರಿಗೂ ಕಾಣುವುದಿಲ್ಲ. ಒಂದು ಹ್ಯಾಲೊಜನ್ ದೀಪ ಹಚ್ಚಿಟ್ಟರೆ ಶಂಕರರ ಅರ್ಥದಲ್ಲಿ ದೈವವೂ ನಮ್ಮ ಕಡೆಗೆ ಬಂತು. ಪಂಡಿತರು ಒಪ್ಪಲಿಕ್ಕಿಲ್ಲ. ಅವರು ಸಾರುವೆ ಹತ್ತುವುದಿಲ್ಲ.

ಮುನ್ನೆಚ್ಚರಿಕೆ ಜಾಸ್ತಿಯಾದರೆ ಶ್ರದ್ಧೆ ಕಡಿಮೆ ಎಂದು ವಾದಿಸುವವರಿದ್ದಾರೆ. ಹುಡುಗರಲ್ಲೇ ಕೆಲವರು ಬೆಲ್ಟ್ ಹಾಕಿಕೊಂಡವನನ್ನು ನೋಡಿ "ದೇವ್ರ ಮ್ಯಾಗ ನಂಬಿಗಿಲ್ಲೇನಲೇ" ಎಂದು ಕಾಡುತ್ತಾರೆ. ಅವರಿಗೆ ನಾನು ನಿಜವಾದ ತೇರಿನ ಕಡೆ ಕೈ ತೋರಿಸುತ್ತೇನೆ. ನಮ್ಮ ಕಡೆಯ ದೊಡ್ಡ ತೇರು ಯಾವುದನ್ನೇ ನೋಡಿ. ಸಾವಿರಾರು ಜನ ಕಳಸದ ಕಡೆ ಮುಖ ಮಾಡಿ ಉತ್ತತ್ತಿ, ಬಾಳೆಹಣ್ಣು ತೂರುತ್ತಿರುತ್ತಾರೆ, ಹಗ್ಗ ಹಿಡಿದವರು ಮುಂದೆ ನೋಡುತ್ತಿರುತ್ತಾರೆ. ಕೆಳಗೆ, ಗಾಲಿಯ ಮಗ್ಗುಲಿಗೇ, ಮರದ ಬೆಣೆ ಹಿಡಿದ ಕೆಲವು ಮಂದಿ ಬೆನ್ನು ಬಗ್ಗಿಸಿ ನಡೆಯುತ್ತಿರುತ್ತಾರೆ. ತೇರು ವಾಲಿದರೆ, ಓಡಿದರೆ, ತಿರುವಿಗೆ ಬಂದರೆ ಗಾಲಿಗೆ ಬೆಣೆ ಕೊಡುವವರು ಅವರು. ಅವರ ಕಣ್ಣು ದೇವರ ಮೇಲಿಲ್ಲ, ನೆಲದ ಮೇಲಿದೆ. ಒಳಗೆ ಕೂತಿರುವುದು ಸಾಕ್ಷಾತ್ ದೇವರು, ಲೋಕ ಕಾಯುವವನು. ಆದರೂ ಬೆಣೆಯವರಿಲ್ಲದೆ ತೇರು ಹೊರಡಿಸುವ ಊರಿಲ್ಲ. ಅವರ ಶ್ರದ್ಧೆಯನ್ನು ಯಾರೂ ಪ್ರಶ್ನಿಸಿದ್ದು ಕೇಳಿಲ್ಲ. ಇನ್ನೂ ಹೇಳಬೇಕೆಂದರೆ ಆ ಗದ್ದಲದಲ್ಲಿ ದೇವರ ಸೇವೆ ನೆಟ್ಟಗೆ ಮಾಡುತ್ತಿರುವವರು ಅವರೇ ಎಂದು ನನ್ನ ಅನಿಸಿಕೆ. ಹಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರಿಗೆ ಪುಣ್ಯ ಬೇಕು, ಬೆಣೆಯವನಿಗೆ ತೇರು ನಿಲ್ಲಬೇಕು.

ಒಂದು ಚರ್ಚಿನ ಒಳಗೆ ಬಣ್ಣ ಹಚ್ಚುವಾಗ ಅಲ್ಲಿನ ಫಾದರ್ ದಿನಾ ಬಂದು ನಮ್ಮ ಗಾಲಿ ಸಾರುವೆ ನೋಡುತ್ತ ನಿಲ್ಲುತ್ತಿದ್ದರು. ಇಟಲಿಯ ಮೈಕೆಲಾಂಜೆಲೊ ಕತೆ ಹೇಳಿದವರು ಅವರೇ. ಸಿಸ್ಟೀನ್ ಚಾಪೆಲ್ಲಿನ ಚಾವಣಿಗೆ ಅವನು 1508ರಿಂದ 1512ರವರೆಗೆ ಚಿತ್ರ ಬರೆದ. ಮುಂದೆ ಅದೇ ಚಾಪೆಲ್ಲಿನ ಗೋಡೆಗೆ, 1541ರಲ್ಲಿ ಮುಗಿದ ಅಂತಿಮ ತೀರ್ಪಿನ ಚಿತ್ರ ಬರೆಯುವಾಗ ಸಾರುವೆಯಿಂದ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡ ಎಂದು ಅವನ ಚರಿತ್ರೆ ಬರೆದ ವಸಾರಿ ಹೇಳುತ್ತಾನಂತೆ. ಪೋಪರ ಮನೆಯೊಳಗೆ, ದೇವರ ಚಿತ್ರವನ್ನೇ ಬರೆಯುತ್ತಿದ್ದವನಿಗೂ ರಿಯಾಯಿತಿ ಸಿಗಲಿಲ್ಲ. ಇದಕ್ಕಿಂತ ನನ್ನನ್ನು ಹಿಡಿದದ್ದು ಫಾದರ್ ತೋರಿಸಿದ ಇನ್ನೊಂದು ಸಂಗತಿ. ಬೈಬಲ್ಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹಕ್ಕಿಗೂಡಿನ ಬಗ್ಗೆ, ಹೊಲದ ಬಿತ್ತನೆಯ ಬಗ್ಗೆ ನಿಯಮ ಹೇಳುವ ನಡುವೆ, ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಅಡ್ಡಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ದೋಷ ಮನೆಗೆ ಬರುತ್ತದೆ ಎಂಬ ಕಟ್ಟಳೆ ಇದೆ. ಬಿದ್ದವನ ಪಾಪಪುಣ್ಯದ ಮಾತೇ ಅಲ್ಲಿಲ್ಲ. ದೋಷ ಕಟ್ಟಿದವನದು. ಅಷ್ಟು ಹಿಂದೆಯೇ ಯಾರೋ ರೇಲಿಂಗನ್ನು ಧರ್ಮದ ವಿಷಯವೆಂದು ಬರೆದಿಟ್ಟಿದ್ದಾರೆ. ನಾವು ಅದನ್ನು ಬಾಡಿಗೆಯ ವಿಷಯ ಮಾಡಿಕೊಂಡಿದ್ದೇವೆ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಸಾರುವೆಯ ಸುರಕ್ಷತೆಗೆ ಐಎಸ್ 3696 ಎಂಬ ಮಾನಕ ಎಷ್ಟೋ ವರ್ಷಗಳ ಹಿಂದೆಯೇ ಬಂತು, ಕಟ್ಟಡ ಕಾರ್ಮಿಕರಿಗೆಂದೇ 1996ರಲ್ಲಿ ಕಾಯ್ದೆ ಆಯಿತು. ಆದರೆ ತತ್ತ್ವದ ದೃಷ್ಟಿಯಿಂದ ನನಗೆ ದೊಡ್ಡದೆನಿಸುವುದು 2025ರವರೆಗೆ ಜಾರಿಯಲ್ಲಿದ್ದ, ಬ್ರಿಟಿಷರ ಕಾಲದ 1923ರ ಪರಿಹಾರದ ಕಾಯ್ದೆ. ಕೆಲಸ ಮಾಡುತ್ತಿರುವಾಗ, ಕೆಲಸದ ಕಾರಣದಿಂದ ಪೆಟ್ಟಾಯಿತೇ ಎಂದು ಅದು ಕೇಳುತ್ತಿತ್ತು. ಆಗಿದ್ದರೆ, ಮಾಲೀಕನ ತಪ್ಪು ಏನು ಎಂದು ಬಿದ್ದವನು ಸಾಬೀತು ಮಾಡಬೇಕಾಗಿರಲಿಲ್ಲ, ಮಾಲೀಕ ಪರಿಹಾರ ಕೊಡಬೇಕಿತ್ತು. ಕುಡಿದಿದ್ದ, ಬೇಕೆಂದೇ ನಿಯಮ ಮುರಿದ ಎಂಬಂಥ ಕೆಲವು ವಿನಾಯಿತಿಗಳಿದ್ದವು. ಸತ್ತರೆ ಅವೂ ನಡೆಯುತ್ತಿರಲಿಲ್ಲ. ವಿಧಿಯೋ ನಿರ್ಲಕ್ಷ್ಯವೋ ಎಂಬ ಚರ್ಚೆಗೇ ಆ ಕಾಯ್ದೆ ಕೂರುತ್ತಿರಲಿಲ್ಲ. ವಿಧಿಯೇ ಆಗಿರಲಿ, ಅದರ ಬಿಲ್ಲು ಯಾರ ಹೆಸರಿಗೆ ಎಂದಷ್ಟೇ ನೋಡುತ್ತಿತ್ತು. ಸವಣೂರಿನ ಹುಡುಗನಿಗೆ ಆ ಕಾಯ್ದೆಯ ಹೆಸರೂ ಗೊತ್ತಿರಲಿಲ್ಲ. ಆಸ್ಪತ್ರೆ ಖರ್ಚಿನ ಮೇಲೆ ಒಂದಿಷ್ಟು ಕೈಗೆ ಕೊಟ್ಟು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದು ಆಮೇಲೆ ಕೇಳಿದೆ.

ನಿಯಮಗಳ ಪೈಕಿ ನನಗೆ ಮಂತ್ರದಂತೆ ಕಂಡದ್ದು ಒಂದೇ. ಒಂದು ದೊಡ್ಡ ಕಂಪನಿಯ ಕಟ್ಟಡದೊಳಗೆ ಕೆಲಸ ಹಿಡಿದಾಗ ಅಲ್ಲಿನ ಸುರಕ್ಷತಾ ಅಧಿಕಾರಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅಮೆರಿಕದ ನಿಯಮಗಳನ್ನು ಓದಿ ಹೇಳಿದಳು. ನಿಂತ ಸಾರುವೆಯ ಎತ್ತರ ತಳದ ಕಿರಿಯ ಅಗಲದ 4 ಪಟ್ಟು ಮೀರಿದರೆ ಅದನ್ನು ಕಟ್ಟಡಕ್ಕೆ ಬಿಗಿಯಬೇಕು. ನಮ್ಮ ಫ್ರೇಮಿನ ಅಗಲ ಸುಮಾರು 4 ಅಡಿ, ಅಂದರೆ 16 ಅಡಿಯವರೆಗೆ. ಜನ ಮೇಲಿದ್ದು ಸರಿಸುವುದಾದರೆ 2 ಪಟ್ಟು ಮಾತ್ರ, 8 ಅಡಿ. ನೆಲದ ವಾಲು 3 ಡಿಗ್ರಿಯೊಳಗೆ ಇರಬೇಕು, ಕುಳಿ, ಅಡೆತಡೆ ಇರಬಾರದು. ನೂಕುವ ಕೈ ಆದಷ್ಟೂ ಬುಡಕ್ಕೆ ಹತ್ತಿರ, ನೆಲದಿಂದ 5 ಅಡಿ ಮೀರಬಾರದು. ಇವೆಲ್ಲ ಲೆಕ್ಕ, ತಲೆಯಾಡಿಸಿ ಬರೆದುಕೊಂಡೆ. ಆಮೇಲೆ ಆಕೆ ಓದಿದ್ದು, ಸರಿಸುವ ಮೊದಲು ಮೇಲಿದ್ದ ಪ್ರತಿಯೊಬ್ಬನಿಗೂ ಸರಿಸುತ್ತೇವೆಂದು ತಿಳಿಸಿರಬೇಕು ಎಂಬುದನ್ನು. ಪೆನ್ನು ಅಲ್ಲಿಗೇ ನಿಂತಿತು. ವಿಧಿಗೂ ಮನುಷ್ಯನ ಕೆಲಸಕ್ಕೂ ಇರುವ ಅಂತರ ಇಷ್ಟೇ ಅಲ್ಲವೇ? ವಿಧಿ ಹೇಳಿ ಬರುವುದಿಲ್ಲ. ಮನುಷ್ಯನಿಗೆ ಬಾಯಿ ಇದೆ. ಹೇಳದೆ ಇನ್ನೊಬ್ಬನ ಕಾಲ ಕೆಳಗಿನ ನೆಲ ಸರಿಸುವವನು ದೇವರ ಜಾಗದಲ್ಲಿ ಕೂತಂತೆ. ಆ ಜಾಗ ನಮ್ಮದಲ್ಲ.

ನಮ್ಮ ಹುಡುಗರಿಗೆ ಈಗ ಅಮೆರಿಕಕ್ಕಿಂತ ಬಿಗಿಯಾದ ಕಟ್ಟು. ಮೇಲೆ ಆಳಿದ್ದರೆ ಗಾಲಿ ಸರಿಯುವುದೇ ಇಲ್ಲ. ಇಳಿಯಬೇಕು, ಡಬ್ಬಿ ಇಳಿಸಬೇಕು, ಸರಿಸಬೇಕು, ನಾಲ್ಕೂ ಬ್ರೇಕು ಒತ್ತಬೇಕು, ಮತ್ತೆ ಹತ್ತಬೇಕು. ಹತ್ತುವವನೇ ಬ್ರೇಕನ್ನು ತನ್ನ ಕಾಲಿನಿಂದ ಒಮ್ಮೆ ಒತ್ತಿ ನೋಡಬೇಕು, ಬೇರೆಯವನು ಹಾಕಿದ್ದೇನೆ ಎಂದರೆ ಸಾಲದು. ಹೊತ್ತು ಹಿಡಿಯುತ್ತದೆ, ದರ ಹೆಚ್ಚು ಕೇಳಬೇಕಾಗುತ್ತದೆ, ಕೆಲವು ಕೆಲಸ ಕೈತಪ್ಪಿ ಹೋಗಿವೆ.

ಹಾಗೆಂದು ನಂಬಿಕೆಯನ್ನು ಕಿತ್ತುಹಾಕಿದೆ ಎಂದಲ್ಲ. ನಂಬಿಕೆ ಇಲ್ಲದೆ ಯಾರೂ ಹದಿನಾಲ್ಕು ಅಡಿ ಮೇಲೆ ನಿಂತು ಸೀಲಿಂಗಿನ ಅಂಚಿಗೆ ನೇರ ಗೆರೆ ಎಳೆಯಲಾರರು. ಕಾಲ ಕೆಳಗೆ ಅನುಮಾನವಿದ್ದರೆ ಕೈ ನಡುಗುತ್ತದೆ, ಗೆರೆ ಹಾವಾಗುತ್ತದೆ. ಮುಗಿದ ಗೋಡೆ ನೋಡಿಯೇ ಯಾವ ಸೈಟಿನಲ್ಲಿ ಹುಡುಗರು ಹೆದರಿ ಕೆಲಸ ಮಾಡಿದ್ದಾರೆ ಎಂದು ಹೇಳಬಲ್ಲೆ. ಆ ಹೊತ್ತಿನಲ್ಲಿ ಮೇಲಿದ್ದವನು ನಂಬಿರುವುದು ಕೆಳಗಿನವರನ್ನು. ಒಬ್ಬ ಇನ್ನೊಬ್ಬನ ಮೇಲೆ ಹಾಗೆ ಪೂರಾ ಭಾರ ಬಿಡುವುದನ್ನು ಗುಡಿಯಲ್ಲಿ ನೋಡಿದ್ದಕ್ಕಿಂತ ಸೈಟಿನಲ್ಲಿ ಹೆಚ್ಚು ನೋಡಿದ್ದೇನೆ.

ಇಷ್ಟೆಲ್ಲ ನೋಡಿಕೊಂಡರೂ ಒಂದು ಉಳಿಯುತ್ತದೆ. ಫ್ರೇಮಿನ ಪೈಪು ಒಳಗಿನಿಂದ ತುಕ್ಕು ಹಿಡಿದು ಹೊರಗೆ ಹೊಸ ಬಣ್ಣ ಹೊಡೆದಿದ್ದರೆ, ವೆಲ್ಡಿಂಗು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅಂಥದ್ದಕ್ಕೆ ಐದನೆಯ ಹೆಸರು ಇಡುವುದಾದರೆ ಇಡಲಿ. ಆದರೆ ಬಿದ್ದವನು ಇಡಲಿ, ಅವನ ತಾಯಿ ಇಡಲಿ. ಬಾಡಿಗೆ ಉಳಿಸಿದವನಿಗೆ ಆ ಹೆಸರು ಎತ್ತುವ ಬಾಯಿಲ್ಲ. ಅದು ನನಗೂ ಸೇರಿಯೇ ಹೇಳಿದ ಮಾತು.

ಆಯುಧಪೂಜೆಗೆ ನಮ್ಮ ಗೋದಾಮಿನಲ್ಲಿ ಸ್ಪ್ರೇ ಮಷೀನು, ಸ್ಯಾಂಡರು, ಏಣಿ, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂ. ಬಾಡಿಗೆಯ ತೇರು ಹಬ್ಬದ ದಿನ ನಮ್ಮಲ್ಲಿದ್ದರೆ ಅದಕ್ಕೂ ಕುಂಬಳಕಾಯಿ ಒಡೆದು, ನಾಲ್ಕು ಗಾಲಿಗೂ ಲಿಂಬೆಹಣ್ಣು. ಬಿಹಾರದ ಕಡೆಯ ಹುಡುಗರು ಸೆಪ್ಟೆಂಬರ್ 17ಕ್ಕೇ ವಿಶ್ವಕರ್ಮ ಪೂಜೆ ಮುಗಿಸಿರುತ್ತಾರೆ, ಆದರೂ ಇದಕ್ಕೂ ಬಂದು ನಿಲ್ಲುತ್ತಾರೆ, ಪ್ರಸಾದ ಎರಡು ಸಲ ಸಿಕ್ಕರೆ ಯಾರು ಬೇಡ ಅಂತಾರೆ. ಹೋದ ಹಬ್ಬಕ್ಕೆ ಕಾಕಾನನ್ನೂ ಕರೆದಿದ್ದೆ. ಕುರ್ಚಿಯ ಮೇಲೆ ಕೂತು ಎಲ್ಲ ನೋಡಿ, "ಎಲ್ಲಾ ಮನಷ್ಯಾರ ಕೈಯಾಗ ಐತಿ ಅಂತಿದ್ದೆಲ್ಲೋ ತಮ್ಮಾ, ಮತ್ತ ಈ ಲಿಂಬಿಹಣ್ಣ ಯಾಕ?" ಎಂದ.

"ಗಾಲಿಗೆ ಹಣ್ಣ ಇಡಬೇಕಂದ್ರ ಬಗ್ಗಬೇಕಲ್ಲ ಕಾಕಾ" ಎಂದೆ. ಬಗ್ಗಿದವನು ನಮ್ಮ ಹುಡುಗನೇ. ಮೂರನೆಯ ಗಾಲಿಗೆ ಹಣ್ಣು ಇಡುತ್ತ "ಮಾಮಾ, ಇಲ್ಲಿ ನೋಡ್ರಿ" ಎಂದು ಕರೆದ. ಗಾಲಿಯ ರಬ್ಬರು ಸೀಳಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಹಬ್ಬದ ಮರುದಿನ ಅಂಗಡಿಗೆ ಒಯ್ದು ಬದಲಿ ಕೇಳಿದರೆ, ಮುರಿದದ್ದು ನೀವೇ, ಹೊಸದರ ದುಡ್ಡು ಕೊಡಿ ಎಂದ ಅಂಗಡಿಯವನು. ಕೊಡುವಾಗಲೇ ಸೀಳಿತ್ತು ಎಂದು ನಾನು, ನೋಡಿಕೊಂಡು ಒಯ್ಯಬೇಕಿತ್ತು ಎಂದು ಅವನು. ಅರ್ಧ ತಾಸು ಜಗಳವಾಡಿ ಗಾಲಿ ತಂದೆವು. ದುಡ್ಡಿನ ಮಾತು ಇನ್ನೂ ಬಗೆಹರಿದಿಲ್ಲ.